ಬಾಯ್ಲರ್ ಪ್ರೆಶರ್ ಯಾಕೆ ಇಳಿಯುತ್ತೆ ಅಂತ ಹುಡುಕಿಕೊಟ್ಟ ರಿಪೇರಿಯವರು

ಸೋಪು ಹಚ್ಚಿದ ಮಗುವನ್ನು ಟವೆಲಲ್ಲಿ ಸುತ್ತಿ ಕೂರಿಸಿ, ಒಲೆ ಮೇಲೆ ನೀರು ಕಾಯಿಸಿದ ದಿನ ನನಗೆ ಸಾಕಾಗಿ ಹೋಯಿತು. ಮನೆ ಬೆಚ್ಚಗಿಡಲೂ ನಲ್ಲಿಗೂ ನೀರು ಕಾಯಿಸುವ ನಮ್ಮ ಗ್ಯಾಸ್ ಬಾಯ್ಲರಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರಿನ ಪ್ರೆಶರ್ ತೋರಿಸುವ ಗೇಜಿನ ಮುಳ್ಳು ಸೊನ್ನೆ ಹತ್ತಿರ ಬೀಳುತ್ತಿತ್ತು. ಬಿದ್ದರೆ ಬಾಯ್ಲರ್ ತಾನೇ ನಿಲ್ಲುತ್ತದೆ. ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರೂ ತಣ್ಣಗೆ, ನಲ್ಲಿ ನೀರೂ ತಣ್ಣಗೆ.

ಮೊದಲು ಕರೆದ ಕಂಪನಿಯವರು ನೀರು ತುಂಬಿಸುವ ವಾಲ್ವ್ ತಿರುಗಿಸಿ, ಮುಳ್ಳನ್ನು 1.5 ಬಾರ್‌ಗೆ (ಬಾರ್ ಅಂದರೆ ಪ್ರೆಶರ್ ಅಳತೆ) ತಂದು, ಹತ್ತೇ ನಿಮಿಷದಲ್ಲಿ ಹೊರಟರು. ಹಳೇ ಬಾಯ್ಲರ್, ಬದಲಾಯಿಸಿಬಿಡಿ ಅಂದರು. ಮೂರನೇ ದಿನಕ್ಕೆ ಮತ್ತೆ ಅದೇ ಕಥೆ.

ಆಮೇಲೆ ಬಂದವರು ಒಬ್ಬರೇ ಕೆಲಸ ಮಾಡುವವರು. ಬ್ಯಾಗ್ ಕೆಳಗಿಡುವ ಮೊದಲೇ ಕೇಳಿದರು: "ಬಿಸಿಯಾದಾಗ ಮುಳ್ಳು ಎಲ್ಲಿಗೆ ಹೋಗುತ್ತೆ ನೋಡಿದ್ದೀರಾ?" ನಾನು ನೋಡಿರಲೇ ಇಲ್ಲ. ನೀರು ತುಂಬಿಸಿ, ಹೀಟಿಂಗ್ ಹಾಕಿ, ಇಬ್ಬರೂ ನೋಡುತ್ತಾ ನಿಂತೆವು. 1.3ರಲ್ಲಿದ್ದ ಮುಳ್ಳು ಸರಸರನೆ 3ಕ್ಕೆ ಏರಿತು. ಹೊರಗೆ ಕರೆದುಕೊಂಡು ಹೋಗಿ ಗೋಡೆಯಿಂದ ಚಾಚಿದ್ದ ಸಣ್ಣ ತಾಮ್ರದ ಪೈಪ್ ತೋರಿಸಿದರು. ತೊಟ್ಟಿಕ್ಕುತ್ತಿತ್ತು. "ನಿಮ್ಮ ನೀರು ಇಲ್ಲಿ ಹೋಗ್ತಾ ಇದೆ ನೋಡಿ ಮೇಡಂ" ಅಂದರು.

ನೀರು ಕಾದಾಗ ಹಿಗ್ಗುತ್ತದೆ ಅಲ್ವಾ? ಹಿಗ್ಗಿದ ನೀರಿಗೆ ಜಾಗ ಕೊಡಲು ಎಕ್ಸ್‌ಪ್ಯಾನ್ಶನ್ ವೆಸೆಲ್ ಅಂತ ಒಂದು ಡಬ್ಬ ಇರುತ್ತದೆ. ಒಳಗೆ ರಬ್ಬರ್ ಪರದೆ, ಅದರ ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನಮ್ಮದರಲ್ಲಿ ಗಾಳಿ ಖಾಲಿಯಾಗಿತ್ತು. ಜಾಗ ಸಿಗದೆ ಪ್ರೆಶರ್ 3 ಬಾರ್ ಮುಟ್ಟಿದಾಗ ಸೇಫ್ಟಿ ವಾಲ್ವ್ ತೆರೆದು ನೀರು ಹೊರಗೆ. ತಣ್ಣಗಾದ ಮೇಲೆ ಅಷ್ಟು ನೀರು ಕಮ್ಮಿ. ನಾನು ಸುಮ್ನೆ ತುಂಬಿಸುತ್ತಲೇ ಇದ್ದೆ. ಹೊಸ ನೀರಿನ ಜೊತೆ ಆಮ್ಲಜನಕವೂ ಒಳಗೆ ಹೋಗಿ ರೇಡಿಯೇಟರ್ ತುಕ್ಕು ಹಿಡಿಯುತ್ತದಂತೆ. ನಡುಮನೆಯ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗೆ ಇದ್ದದ್ದು ಆ ತುಕ್ಕು ಕಪ್ಪು ಕೆಸರಾಗಿ ತಳದಲ್ಲಿ ಕೂತಿದ್ದರಿಂದಲೇ. ಮೇಲೆ ತಣ್ಣಗಿದ್ದರೆ ಗಾಳಿ ಸೇರಿದೆ, ಕೆಳಗೆ ತಣ್ಣಗಿದ್ದರೆ ಕೆಸರು. ಇಷ್ಟು ವರ್ಷ ನನಗಿದು ಗೊತ್ತಿರಲಿಲ್ಲ.

ಬಾಯ್ಲರ್ ಆರಿದ ಮೇಲೆ ಪ್ರೆಶರ್ ಇಳಿಸಿ, ವೆಸೆಲ್‌ನ ಪಿನ್ ಒತ್ತಿದರು. ಕಾರಿನ ಟೈರಿಗೆ ಇರುವಂಥದ್ದೇ ಪಿನ್. ಅಲ್ಲಿಂದ ನೀರು ಬಂದರೆ ಪರದೆ ಹರಿದಿದೆ ಅಂತ ಅರ್ಥ. ನಾನು ಉಸಿರು ಬಿಗಿಹಿಡಿದೆ. ಒಂದು ಹನಿಯೂ ಬರಲಿಲ್ಲ. ಪಂಪ್‌ನಿಂದ ಗಾಳಿ ತುಂಬಿಸಿದರು. ಸೇಫ್ಟಿ ವಾಲ್ವ್ ಪದೇ ಪದೇ ತೆರೆದರೆ ಕಸ ಸಿಕ್ಕಿಕೊಂಡು ಸರಿಯಾಗಿ ಮುಚ್ಚುವುದಿಲ್ಲ ಅಂತ ಅದನ್ನೂ ಬದಲಾಯಿಸಿದರು. ಇದನ್ನು ನೋಡಿ ನೀವೇ ಕವರ್ ಬಿಚ್ಚಲು ಹೋಗಬೇಡಿ. ಗ್ಯಾಸ್ ಬಾಯ್ಲರ್ ಕೆಲಸಕ್ಕೆ ಲೈಸೆನ್ಸ್ ಇರುವವರೇ ಬೇಕು.

ಹೇಳಿದ ಸಮಯಕ್ಕಿಂತ ಒಂದೂವರೆ ಗಂಟೆ ತಡವಾಗಿ ಬಂದರು, ಫೋನೂ ಮಾಡಲಿಲ್ಲ. ಅದು ಬೇಜಾರಾಯಿತು. ಆದರೆ ಐದು ವಾರದಿಂದ ನಾನು ನೀರು ತುಂಬಿಸಿಲ್ಲ. ತಣ್ಣಗಿದ್ದಾಗ 1.3, ಕಾದಾಗ 1.8. ಕೆಸರು ತೊಳೆಸಲು ಮುಂದಿನ ವಾರ ಮತ್ತೆ ಇವರನ್ನೇ ಕರೆದಿದ್ದೇನೆ.