ಮೂರನೇ ಸಾಲಿನಿಂದ ನೋಡಿದರೆ: ಏಳು ಸೀಟಿನ ಗಾಡಿಯಲ್ಲಿ ದೊಡ್ಡದೋ, ಚಿಕ್ಕದೋ?

ಟಾಟಾ ಸಫಾರಿಯ ಉದ್ದ 4668 ಮಿ.ಮೀ. ಮಾರುತಿ ಎರ್ಟಿಗಾ 4.4 ಮೀಟರ್ ಆಸುಪಾಸು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಸಫಾರಿ ಮುಕ್ಕಾಲು ಅಡಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಗಲ, ಎತ್ತರ, ಗತ್ತು ಎಲ್ಲದರಲ್ಲೂ ಅದೇ ಅಣ್ಣ. ಆದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ, ಅಂದರೆ ವೀಲ್‌ಬೇಸ್, ಸಫಾರಿಗೆ 2741, ಎರ್ಟಿಗಾಗೆ 2740. ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸ. ಏಳೂ ಸೀಟು ಕೂರಲು ನೆಟ್ಟಗೆ ನಿಂತಿರುವಾಗ ಡಿಕ್ಕಿಯಲ್ಲಿ ಉಳಿಯುವ ಜಾಗ ಸಫಾರಿಯಲ್ಲಿ 73 ಲೀಟರ್, ಎರ್ಟಿಗಾದಲ್ಲಿ 209. ಹೊರಗಿನ ಆ ಹೆಚ್ಚಿನ ಉದ್ದ ಮೂರನೇ ಸಾಲಿನ ಹಿಂದೆ ಜಾಗವಾಗಿ ಸಿಕ್ಕಿಲ್ಲ.

ದೊಡ್ಡ ಗಾಡಿ ಅಂದರೆ ಒಳಗೂ ದೊಡ್ಡದು ಎಂದುಕೊಂಡು ಬುಕ್ ಮಾಡುವವರು ಎಡವುವುದು ಇಲ್ಲೇ. ಬೆಂಗಳೂರಿನಲ್ಲಿ ಏಳು ಸೀಟು ಕೊಳ್ಳುವವರಿಗೆ ಸಾಮಾನ್ಯವಾಗಿ ಬೇಕಾಗಿರುವುದು ಎರಡೇ: ಧರ್ಮಸ್ಥಳಕ್ಕೋ ತಿರುಪತಿಗೋ ಮನೆಮಂದಿಯೆಲ್ಲ ಒಟ್ಟಿಗೆ ಹೋಗಬೇಕು, ಉಳಿದ ದಿನ ಅದೇ ಗಾಡಿ ಆಫೀಸು, ಶಾಲೆ, ಗಾಂಧಿಬಜಾರು ಸುತ್ತಬೇಕು. ಈ ಎರಡಕ್ಕೂ ಉತ್ತರ ಸಿಗುವುದು ಮೂರನೇ ಸಾಲಿನಲ್ಲಿ ಕೂತು ನೋಡಿದಾಗ. ಶೋರೂಮಿನವರು ಮಾತ್ರ ಮೊದಲು ಡ್ರೈವರ್ ಸೀಟಿಗೇ ಕೂರಿಸುತ್ತಾರೆ.

ಕೂರುವಾಗ ಮಂಡಿ ಮುಂದಿನ ಸೀಟಿಗೆ ತಾಗುತ್ತದೆಯೇ ಎಂದಷ್ಟೇ ನೋಡಬೇಡಿ, ತೊಡೆ ಸೀಟಿನ ಮೇಲೆ ಊರುತ್ತದೆಯೇ ನೋಡಿ. ಬಹಳಷ್ಟು ಎಸ್‌ಯುವಿಗಳಲ್ಲಿ ಹಿಂದಿನ ಸಸ್ಪೆನ್ಷನ್ ಮತ್ತು ಪೆಟ್ರೋಲ್ ಟ್ಯಾಂಕಿನಿಂದಾಗಿ ಅಲ್ಲಿ ನೆಲವೇ ಎತ್ತರ. ಸೀಟನ್ನೂ ಅಷ್ಟೇ ಎತ್ತರಿಸಿದರೆ ತಲೆ ಸೂರಿಗೆ ಬಡಿಯುತ್ತದೆಂದು ಸೀಟನ್ನು ತಗ್ಗಿಸಿರುತ್ತಾರೆ. ಪರಿಣಾಮ, ಮಂಡಿ ಎದೆಮಟ್ಟಕ್ಕೆ ಬಂದು ಕುಕ್ಕರುಗಾಲಿನಲ್ಲಿ ಕೂತಂತೆ ಆಗುತ್ತದೆ. ಮೈಸೂರಿನವರೆಗೆ ಹೇಗೋ ತಡೆದುಕೊಳ್ಳಬಹುದು, ಹಾಸನ ದಾಟುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ. ಈ ವಿಷಯದಲ್ಲಿ ಚಿಕ್ಕವುಗಳ ಪೈಕಿ ಕಿಯಾ ಕಾರೆನ್ಸ್ ಮುಂದಿದೆ: ಉದ್ದ 4540, ವೀಲ್‌ಬೇಸ್ 2780, ಮೂರೂ ಸಾಲು ನಿಂತಿರುವಾಗ ಡಿಕ್ಕಿ 216 ಲೀಟರ್. ಅದರ ಬಳಗದ್ದೇ ಆದ ಹ್ಯುಂಡೈ ಅಲ್ಕಜಾರ್ 4560 ಉದ್ದವಿದ್ದೂ ವೀಲ್‌ಬೇಸ್ 2760ಕ್ಕೆ, ಡಿಕ್ಕಿ 180 ಲೀಟರಿಗೆ ನಿಂತಿದೆ. ಎಸ್‌ಯುವಿಯ ಮುಖ ಬೇಕೆಂದರೆ ತೆರಬೇಕಾದ ಬೆಲೆ ಅದು.

ದೊಡ್ಡವುಗಳ ಪೈಕಿ ಮೂರನೇ ಸಾಲನ್ನು ಮನಸ್ಸಿಟ್ಟು ಮಾಡಿರುವುದು ಟೊಯೊಟಾ ಇನ್ನೋವಾ ಹೈಕ್ರಾಸ್, ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. ಉದ್ದ 4755, ವೀಲ್‌ಬೇಸ್ 2850, ಏಳು ಜನ ಕೂತ ಮೇಲೂ ಡಿಕ್ಕಿ 300 ಲೀಟರ್. ಹಳೆಯ ಇನ್ನೋವಾ ಕ್ರಿಸ್ಟಾದಂತೆ ಇದರಲ್ಲಿ ಲ್ಯಾಡರ್ ಚಾಸಿ, ಅಂದರೆ ಏಣಿಯಂಥ ಉಕ್ಕಿನ ಅಡಿಗಟ್ಟು, ಇಲ್ಲ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟೂ ಇಲ್ಲ. ಹಾಗಾಗಿ ನೆಲ ತಗ್ಗಿದೆ, ಅಜ್ಜಿಯೂ ಸೀರೆ ಎತ್ತಿ ಹಿಡಿಯದೆ ಒಳಗೆ ಕಾಲಿಡಬಹುದು. ಮಹೀಂದ್ರ ಸ್ಕಾರ್ಪಿಯೋ ಎನ್ ಇದಕ್ಕೆ ತದ್ವಿರುದ್ಧ. ಗಟ್ಟಿಮುಟ್ಟಾದ ಗಾಡಿ, ಎಂಜಿನ್ನೂ ಭರ್ಜರಿ. ಆದರೆ ಮೂರನೇ ಸಾಲು ಮಕ್ಕಳಿಗಷ್ಟೇ, ಅದನ್ನು ಬಿಡಿಸಿದ ಮೇಲೆ ಡಿಕ್ಕಿ ಇದೆ ಎನ್ನುವುದು ಹೆಸರಿಗೆ ಮಾತ್ರ.

ಲೀಟರ್ ಲೆಕ್ಕ ಕಣ್ಣಿಗೆ ಕಟ್ಟುವುದಿಲ್ಲ, ಸೂಟ್‌ಕೇಸಿನಲ್ಲಿ ಹೇಳಿದರೆ ಅರ್ಥವಾಗುತ್ತದೆ. ವಿಮಾನದ ಕ್ಯಾಬಿನ್ನಿಗೆ ಒಯ್ಯುವ 55×35×25 ಸೆಂ.ಮೀ. ಟ್ರಾಲಿ ಸುಮಾರು 48 ಲೀಟರ್. 73 ಲೀಟರಿನಲ್ಲಿ ಅಂಥದ್ದೊಂದು ನಿಂತರೆ ಪಕ್ಕದಲ್ಲಿ ಚಪ್ಪಲಿ ಚೀಲ ತುರುಕಬಹುದು, ಅಷ್ಟೇ. 210 ಲೀಟರಿನಲ್ಲಿ ಮೂರು ಟ್ರಾಲಿ, ಮೇಲೊಂದು ಮೆತ್ತನೆಯ ಬ್ಯಾಗು. ಏಳು ಜನಕ್ಕೆ ಎರಡು ರಾತ್ರಿಯ ಬಟ್ಟೆ ಇಷ್ಟರಲ್ಲಿ ಹಿಡಿಯುವುದು ಕಷ್ಟ, ಅಡುಗೆ ಡಬ್ಬಿ, ನೀರಿನ ಕ್ಯಾನ್ ಇದ್ದರಂತೂ ಮುಗಿಯಿತು. ಆಗ ಮೇಲೆ ಕ್ಯಾರಿಯರ್ ಬೇಕು. ಚಾವಣಿಯ ರೈಲಿನ ಮೇಲೆ ಎಷ್ಟು ಕೆ.ಜಿ. ಹೇರಬಹುದೆಂದು ಮ್ಯಾನ್ಯುಯಲ್ಲಿನಲ್ಲಿ ಬರೆದಿರುತ್ತದೆ, ಕ್ಯಾರಿಯರಿನ ತೂಕವನ್ನೂ ಅದರಲ್ಲೇ ಸೇರಿಸಿಕೊಳ್ಳಿ. ಕೆಲವು ಗಾಡಿಗಳ ರೈಲು ಬರೀ ಅಲಂಕಾರಕ್ಕೆ, ಭಾರ ಹೊರುವುದಿಲ್ಲ. ಎರ್ಟಿಗಾ ಸಿಎನ್‌ಜಿ ಕೊಳ್ಳುವವರು ಇನ್ನೊಂದು ಮಾತು ಗಮನಿಸಬೇಕು. ಕೆ.ಜಿ.ಗೆ 26.11 ಕಿ.ಮೀ. ಎಂಬ ಕಂಪನಿಯ ಲೆಕ್ಕ ಆಸೆ ಹುಟ್ಟಿಸುತ್ತದೆ, ಆದರೆ 60 ಲೀಟರಿನ ಸಿಲಿಂಡರ್ ಕೂರುವುದು ಆ ಡಿಕ್ಕಿಯಲ್ಲೇ.

ಇನ್ನು ಪಾರ್ಕಿಂಗ್. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸಾಮಾನ್ಯವಾಗಿ ಬಿಳಿಗೆರೆ ಎಳೆದಿರುವುದು 2.5 ಮೀಟರ್ ಅಗಲ, 5 ಮೀಟರ್ ಉದ್ದಕ್ಕೆ. ಕನ್ನಡಿ ಬಿಟ್ಟು ಸಫಾರಿಯ ಅಗಲ 1922 ಮಿ.ಮೀ. ಸರಿಯಾಗಿ ನಡುವೆ ನಿಲ್ಲಿಸಿದರೆ ಒಂದೊಂದು ಬದಿಗೂ ಸುಮಾರು ಹನ್ನೊಂದೂಕಾಲು ಅಂಗುಲ ಉಳಿಯುತ್ತದೆ. 1735 ಅಗಲದ ಎರ್ಟಿಗಾಗೆ ಹದಿನೈದು ಅಂಗುಲ. ಆ ನಾಲ್ಕು ಅಂಗುಲದಲ್ಲೇ ಹೊಟ್ಟೆ ಒಳಗೆಳೆದುಕೊಂಡು ಇಳಿಯುವುದಕ್ಕೂ ಕಂಬಕ್ಕೆ ಬಾಗಿಲು ತಗುಲಿಸುವುದಕ್ಕೂ ಇರುವ ವ್ಯತ್ಯಾಸ. ಮೂರನೇ ಸಾಲಿನವರು ಇಳಿಯುವುದು ಎರಡನೇ ಸಾಲಿನ ಬಾಗಿಲಿಂದ, ಅದು ಪೂರ್ತಿ ತೆರೆಯದಿದ್ದರೆ ಅವರು ಒಳಗೇ ಬಂದಿ. ದೊಡ್ಡ ಗಾಡಿಯಿದ್ದರೆ ಎಲ್ಲರನ್ನೂ ಲಿಫ್ಟಿನ ಬಳಿ ಇಳಿಸಿ, ಸಾಮಾನೂ ಇಳಿಸಿ, ಆಮೇಲೆ ಒಳಗೆ ಹಾಕುವುದು ಒಳ್ಳೆಯದು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಡಿಕ್ಕಿ ಬಾಗಿಲು ಎತ್ತಲು ಆಗುವುದಿಲ್ಲ.

20×30 ಸೈಟಿನ ಮನೆಯವರು ಟೇಪು ಹಿಡಿಯಲೇಬೇಕು. ಹೈಕ್ರಾಸ್ 15.6 ಅಡಿ, ಎರ್ಟಿಗಾ ಹದಿನಾಲ್ಕೂವರೆ, ರೆನೋ ಟ್ರೈಬರ್ 13.1 ಅಡಿ. ಗೇಟು ಒಳಕ್ಕೆ ತೆರೆದುಕೊಳ್ಳುವಂಥದ್ದಾದರೆ ಅದು ತಿರುಗುವ ಜಾಗವನ್ನೂ ಕಳೆಯಿರಿ. ಗಾಡಿ ಬಂದ ಮೇಲೆ ಗೇಟು ಮುಚ್ಚದೆ ವೆಲ್ಡಿಂಗ್‌ನವನನ್ನು ಕರೆಸಿ ಸ್ಲೈಡಿಂಗ್ ಮಾಡಿಸುವ ಖರ್ಚನ್ನು ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ. ಚರಂಡಿಯ ಮೇಲಿನ ಚಪ್ಪಡಿ ಕಡಿದಾಗಿದ್ದರೆ ಟೆಸ್ಟ್ ಡ್ರೈವಿನ ಗಾಡಿಯನ್ನು ಮನೆಗೇ ತರಿಸಿ ಹತ್ತಿಸಿ ನೋಡಿ, ಒಬ್ಬರೇ ಅಲ್ಲ, ಏಳೂ ಜನ ಕೂತು. ಭಾರ ಬಿದ್ದಾಗ ಹಿಂಭಾಗ ಕುಗ್ಗುತ್ತದೆ. ವೀಲ್‌ಬೇಸ್ ಉದ್ದವಿದ್ದಷ್ಟೂ ಹಂಪಿನ ಮೇಲೆ ಹೊಟ್ಟೆ ಉಜ್ಜುವ ಸಂಭವ ಜಾಸ್ತಿ.

ಆರು ಸೀಟೋ ಏಳೋ ಎಂಬುದು ಮನೆಯಲ್ಲಿ ಮಕ್ಕಳ ಸೀಟು ಇದೆಯೇ ಎಂಬುದರ ಮೇಲೆ ನಿಂತಿದೆ. ಐಸೋಫಿಕ್ಸ್‌ಗೆ, ಅಂದರೆ ಸೀಟಿನ ಸಂದಿನಲ್ಲಿರುವ ಕೊಕ್ಕೆಗಳಿಗೆ, ಮಗುವಿನ ಸೀಟು ಬಿಗಿದ ಮೇಲೆ ಆ ಬದಿಯ ಸೀಟು ಮಡಚಿ ಮುಂದಕ್ಕೆ ಉರುಳುವುದಿಲ್ಲ, ಮೂರನೇ ಸಾಲಿಗೆ ದಾರಿ ಇನ್ನೊಂದು ಬದಿಯಿಂದ ಮಾತ್ರ. ಎರಡನೇ ಸಾಲಿನಲ್ಲಿ ಬಿಡಿ ಬಿಡಿ ಕ್ಯಾಪ್ಟನ್ ಸೀಟಿದ್ದರೆ ನಡುವಿನ ಓಣಿಯಿಂದ ಮಕ್ಕಳು ನುಸುಳುತ್ತಾರೆ, ಸೀಟು ಮಡಚುವ ಗೋಜಿಲ್ಲ. ಬೆಂಚಿನದನ್ನೇ ಕೊಳ್ಳುವುದಾದರೆ ಒಂದೇ ಗುಂಡಿಗೆ ಉರುಳುವ ಸೀಟು ಎಡಬದಿಗಿದೆಯೇ ನೋಡಿ. ಬಲಗಡೆ ಟ್ರಾಫಿಕ್ಕಿನ ನಡುವೆ ಇಳಿದು ಹತ್ತುವ ಪಾಡು ವಯಸ್ಸಾದವರಿಗೆ ಬೇಡ.

ಎಸಿಯಲ್ಲಿ ಒಂದು ಮರ್ಮವಿದೆ. ಹಿಂದೆ ಗಾಳಿಕಿಂಡಿ ಇದೆ ಎಂದಾಕ್ಷಣ ತಂಪು ಗಾಳಿ ಬರುತ್ತದೆಂದಲ್ಲ. ಕೆಲವದರಲ್ಲಿ ಅದು ಬರೀ ಬ್ಲೋವರ್, ಕ್ಯಾಬಿನ್ನಿನ ಗಾಳಿಯನ್ನೇ ಎಳೆದು ಹಿಂದಕ್ಕೆ ತಳ್ಳುತ್ತದೆ. ಪ್ರತ್ಯೇಕ ಕೂಲಿಂಗ್ ಕಾಯಿಲ್ ಇರುವುದೇ ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತ ಗಾಡಿಯನ್ನು ಶುರು ಮಾಡಿ, ಹಿಂದೆ ಕೂತು, ಕಿಂಡಿಗೆ ಕೈಯೊಡ್ಡಿ. ಐದು ನಿಮಿಷದೊಳಗೆ ಅಂಗೈ ತಣ್ಣಗಾಗದಿದ್ದರೆ ಅದು ಬ್ಲೋವರ್ರೇ.

ಘಾಟಿಯ ಮಾತಿಗೆ ಬಂದರೆ ದೊಡ್ಡ ಗಾಡಿ ತನ್ನ ಬೆಲೆ ತೋರಿಸುತ್ತದೆ. ಏಳು ಜನ, ತಲಾ 65 ಕೆ.ಜಿ., ಸಾಮಾನು 60 ಸೇರಿದರೆ 515 ಕೆ.ಜಿ. ಟ್ರೈಬರಿನ ಒಂದು ಲೀಟರ್ ಎಂಜಿನ್ನಿನ ಶಕ್ತಿ 72 ಪಿಎಸ್, ಎಳೆಯುವ ಬಲ (ಟಾರ್ಕ್) 96 ಎನ್‌ಎಂ. ಊರೊಳಗೆ ಜಾಣ ಗಾಡಿ, ಮೂರನೇ ಸಾಲನ್ನು ಕಿತ್ತು ಮನೆಯಲ್ಲಿಟ್ಟರೆ 625 ಲೀಟರ್ ಡಿಕ್ಕಿ ಸಿಗುತ್ತದೆ. ಆದರೆ ತುಂಬಿದ ಗಾಡಿಯನ್ನು ಎಸಿ ಹಾಕಿಕೊಂಡು ಚಾರ್ಮಾಡಿ ಹತ್ತಿಸುವುದೆಂದರೆ ಎರಡನೇ ಗೇರಿನಲ್ಲೇ ಒದ್ದಾಟ, ಲಾರಿ ಹಿಂದಿಕ್ಕುವ ಆಸೆ ಬಿಡಬೇಕು. 103 ಪಿಎಸ್‌ನ ಎರ್ಟಿಗಾ ಹತ್ತುತ್ತದೆ, ಗೇರ್ ಇಳಿಸಿ ಎಂಜಿನ್ ಕೂಗಿಸಬೇಕು ಅಷ್ಟೇ. ಕಾರೆನ್ಸಿನ 160 ಪಿಎಸ್ ಟರ್ಬೊ ಪೆಟ್ರೋಲಿಗೆ ಈ ತಕರಾರಿಲ್ಲ. ಸಫಾರಿ ಡೀಸೆಲ್ 170 ಪಿಎಸ್, 350 ಎನ್‌ಎಂ, ಮಹೀಂದ್ರ ಎಕ್ಸ್‌ಯುವಿ700 (2026ರಲ್ಲಿ ಹೆಸರು ಎಕ್ಸ್‌ಯುವಿ 7ಎಕ್ಸ್‌ಒ ಆಯಿತು) ಡೀಸೆಲ್ 185 ಪಿಎಸ್. ಇವುಗಳಿಗೆ ಶಿರಾಡಿಯೂ ಒಂದೇ, ತುಮಕೂರು ರಸ್ತೆಯೂ ಒಂದೇ.

ಹಾಗಂತ ದಿನಕ್ಕೆ ಆರು ಕಿ.ಮೀ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರು ಡೀಸೆಲ್ ಕೊಳ್ಳಬೇಡಿ. ಬಿಎಸ್6 ಡೀಸೆಲ್‌ಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ಮಸಿ ಸುಟ್ಟುಕೊಳ್ಳಲು ಗಾಡಿ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ಸಿಲ್ಕ್ ಬೋರ್ಡಿನಲ್ಲಿ ಅದೆಲ್ಲಿ ಸಾಧ್ಯ? ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತುತ್ತದೆ. ಆ ದೀಪ ಕಂಡ ಕೂಡಲೇ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಸುತ್ತು ಹೋಗಿಬಂದರೆ ಸಾಮಾನ್ಯವಾಗಿ ಆರುತ್ತದೆ. ಕಡೆಗಣಿಸಿದರೆ ವರ್ಕ್‌ಶಾಪಿನ ಬಿಲ್ಲು. ಊರೊಳಗಿನ ಓಡಾಟಕ್ಕೆ ಲಾಯಕ್ಕಾದ ದೊಡ್ಡ ಗಾಡಿ ಹೈಬ್ರಿಡ್ ಹೈಕ್ರಾಸ್. ಕಂಪನಿ ಹೇಳುವಂತೆ ಲೀಟರಿಗೆ 23.24 ಕಿ.ಮೀ. ಬರದಿದ್ದರೂ, ಟ್ರಾಫಿಕ್ಕಿನಲ್ಲಿ ಎಂಜಿನ್ ಆರಿಕೊಂಡು ಬ್ಯಾಟರಿಯಲ್ಲೇ ಮುಂದೆ ಸರಿಯುವುದರಿಂದ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಸುರಕ್ಷತೆಯಲ್ಲಿ ದೊಡ್ಡವುಗಳದ್ದೇ ಮೇಲುಗೈ. ಗಾಡಿಯನ್ನು ಗುದ್ದಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸಫಾರಿಗೆ 2023ರಲ್ಲಿ, ಹೈಕ್ರಾಸ್‌ಗೆ 2025ರಲ್ಲಿ ಐದು ಸ್ಟಾರ್, ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಎಕ್ಸ್‌ಯುವಿ700ಗೆ 2021ರಲ್ಲೇ ಐದು. ಆಫ್ರಿಕಾದಲ್ಲಿ ಮಾರುವ ಎರಡೇ ಏರ್‌ಬ್ಯಾಗಿನ ಎರ್ಟಿಗಾಗೆ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ರಕ್ಷಣೆಗೆ ಕೊಟ್ಟಿದ್ದು ಒಂದೇ ಸ್ಟಾರ್. ಇಲ್ಲಿಯ ಎರ್ಟಿಗಾಗೆ ಈಗ ಆರು ಏರ್‌ಬ್ಯಾಗ್ ಬಂದಿವೆ. ಆದರೆ ಸ್ಟಾರ್ ಎಣಿಸುವಾಗ ಇದೊಂದು ನೆನಪಿರಲಿ: ಈ ಪರೀಕ್ಷೆಗಳಲ್ಲಿ ಬೊಂಬೆಗಳನ್ನು ಕೂರಿಸುವುದು ಮೊದಲೆರಡು ಸಾಲಿನಲ್ಲಿ, ಗುದ್ದಿಸುವುದು ಮುಂದಿನಿಂದ, ಪಕ್ಕದಿಂದ. ಮೂರನೇ ಸಾಲಿನಲ್ಲಿ ಕೂತವರ ತಲೆಗೂ ಡಿಕ್ಕಿಯ ಗಾಜಿಗೂ ನಡುವಿನ ಅಂತರದ ಬಗ್ಗೆ ಆ ಸ್ಟಾರುಗಳು ಏನೂ ಹೇಳುವುದಿಲ್ಲ. ಆ ಅಂತರವನ್ನು ಗೇಣಿನಲ್ಲಿ ಅಳೆದು ನೋಡಿ. ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತದೆಯೇ, ಅಲ್ಲಿ ತಲೆದಿಂಬು ಮೇಲೆತ್ತಿದರೆ ದೊಡ್ಡವರ ತಲೆಯ ಹಿಂಭಾಗಕ್ಕೆ ಸಿಗುತ್ತದೆಯೇ ಎಂಬುದನ್ನೂ ಕೇಳಿ, ನೋಡಿ.

ಹಣದ ಲೆಕ್ಕ ಚುಟುಕಾಗಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ ಶೇ 18. ಟ್ರೈಬರ್ ಇದರಲ್ಲಿ ಬರುತ್ತದೆ. ಮೇಲೆ ಹೇಳಿದ ಉಳಿದವೆಲ್ಲ ಶೇ 40ರ ಸಾಲಿನಲ್ಲಿ. ಕರ್ನಾಟಕದ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18, ಸೆಸ್ ಬೇರೆ. 9.90 ಲಕ್ಷದ ಗಾಡಿಗೆ 1,38,600, 10.10 ಲಕ್ಷದ್ದಕ್ಕೆ 1,71,700. ಬೆಲೆಯಲ್ಲಿ ಇಪ್ಪತ್ತು ಸಾವಿರ ಏರಿದ್ದಕ್ಕೆ ತೆರಿಗೆ ಮೂವತ್ಮೂರು ಸಾವಿರ ಏರಿತು. ಹತ್ತು ಲಕ್ಷದ ಗೆರೆಯ ಮೇಲೆ ಕೂತ ವೇರಿಯಂಟನ್ನು ಸಂಗೀತದ ಸ್ಪೀಕರಿಗಾಗಿ ದಾಟಬೇಡಿ. ಹತ್ತು ಲಕ್ಷ ದಾಟಿದರೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ, ಕೂಡ ಹಿಡಿಯುತ್ತಾರೆ, ಅದು ಐಟಿ ರಿಟರ್ನ್ಸ್ ಹಾಕುವಾಗ ಹೊಂದಿಕೆಯಾಗುತ್ತದೆ.

ತಿಂಗಳಿಗೆರಡು ಬಾರಿಯಾದರೂ ಐದಕ್ಕಿಂತ ಹೆಚ್ಚು ಜನ ಹತ್ತುವ ಮನೆಗೆ, ಮನೆಯೂ ಇಕ್ಕಟ್ಟಿನ ಬೀದಿಯಲ್ಲಿದ್ದರೆ, ನನ್ನ ಮತ ಕಾರೆನ್ಸ್‌ಗೆ. ಕೈ ಬಿಗಿಯಿದ್ದರೆ ಎರ್ಟಿಗಾ ಪೆಟ್ರೋಲ್. ಮೂರನೇ ಸಾಲಿನಲ್ಲಿ ದೊಡ್ಡವರೇ ಕೂತು ದೂರ ಹೋಗುವುದು ಮಾಮೂಲಾಗಿದ್ದರೆ, ದುಡ್ಡೂ ಜಾಗವೂ ಇದ್ದರೆ, ಹೈಕ್ರಾಸ್. ಸಫಾರಿ, ಎಕ್ಸ್‌ಯುವಿ700 ಎರಡೂ ಒಳ್ಳೆಯ ಗಾಡಿಗಳೇ, ಆದರೆ ಐದು ಜನಕ್ಕೆ. ಆಗೊಮ್ಮೆ ಈಗೊಮ್ಮೆ ಇನ್ನಿಬ್ಬರು ಹತ್ತಿಕೊಂಡಾರು. ವರ್ಷಕ್ಕೆ ಮೂರು ಸಲ ಮಾತ್ರ ಏಳು ಜನ ಹೊರಡುವವರು ಐದು ಸೀಟಿನದ್ದು ಕೊಂಡು, ಆ ಮೂರು ಸಲ ಡ್ರೈವರ್ ಸಮೇತ ಇನ್ನೋವಾ ಬಾಡಿಗೆಗೆ ತರಿಸುವುದೇ ಲಾಭ.

ಯಾವುದನ್ನೇ ಕೊಂಡರೂ ಮೊದಲ ಪ್ರವಾಸಕ್ಕೆ ಮುಂಚೆ ಮೂರು ಕೆಲಸ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿರುವ ಸ್ಟಿಕರ್ ನೋಡಿ, ಪೂರ್ತಿ ಭಾರಕ್ಕೆ ಬರೆದಿರುವಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗಲೇ ಹಾಕಿಸಿ. ಹಿಂಭಾಗ ಕುಗ್ಗಿದಾಗ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಸ್ಟೇರಿಂಗ್ ಬಳಿಯ ಲೆವೆಲಿಂಗ್ ಚಕ್ರವನ್ನು ಸೊನ್ನೆಯಿಂದ ಎರಡಕ್ಕೋ ಮೂರಕ್ಕೋ ತಿರುಗಿಸಿ. ಕೊನೆಯದು ಸ್ಟೆಪ್ನಿ. ಮೂರು ಸಾಲಿನ ಬಹಳಷ್ಟು ಗಾಡಿಗಳಲ್ಲಿ ಅದು ಡಿಕ್ಕಿಯೊಳಗಿರದೆ ಗಾಡಿಯ ಹೊಟ್ಟೆಯಡಿ ನೇತಾಡುತ್ತಿರುತ್ತದೆ, ಡಿಕ್ಕಿಯ ನೆಲದ ತೂತಿನಲ್ಲಿ ರಾಡು ಹಾಕಿ ತಿರುಗಿಸಿದರೆ ಇಳಿಯುತ್ತದೆ. ಆ ತೂತಿನ ಮೇಲೆಯೇ ಸಾಮಾನೆಲ್ಲ ಕೂತಿರುತ್ತದೆ. ಡೆಲಿವರಿ ದಿನ ಹೂಮಾಲೆ ಹಾಕುವ ಮುಂಚೆಯೇ ಶೋರೂಮಿನ ಹುಡುಗನ ಕೈಯಲ್ಲಿ ಅದನ್ನು ಒಮ್ಮೆ ಇಳಿಸಿ, ಏರಿಸಿ ತೋರಿಸಲು ಹೇಳಿ, ರಾಡು ಎಲ್ಲಿಟ್ಟಿದ್ದಾರೆ ಅಂತ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.