ಹತ್ತು ಸಾವಿರದ ಡೆಸ್ಕ್‌ಟಾಪ್, ಹದಿನೇಳು ಸಾವಿರದ ಡೆಸ್ಕ್‌ಟಾಪ್: ಯಾವುದು ಲಾಭ?

ಕಂಪೆನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪನ್ನು ಒರೆಸಿ, ಎಸ್‌ಎಸ್‌ಡಿ (ಕಡತಗಳನ್ನು ಇಡುವ ವೇಗದ ಡಿಸ್ಕ್) ಹಾಕಿ, ರಿಫರ್ಬಿಶ್ಡ್ ಎಂದು ಹತ್ತು ಸಾವಿರಕ್ಕೆ ಕೊಡುವ ಅಂಗಡಿಗಳು ಮಂಗಳೂರಿನಲ್ಲೂ ಉಡುಪಿಯಲ್ಲೂ ಈಗ ಇವೆ. ಕೊಳ್ಳಬಹುದೇ ಎಂದು ಕೇಳುವವರಿಗೆ ನಾನು ಧೈರ್ಯವಾಗಿ ‘ಕೊಳ್ಳಿ’ ಎನ್ನುತ್ತೇನೆ. ಆದರೆ ಅಂಗಡಿಯ ಅತಿ ಅಗ್ಗದ ಪೆಟ್ಟಿಗೆಯನ್ನಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದ್ದನ್ನು. ಏಳೆಂಟು ಸಾವಿರ ಹೆಚ್ಚು ಕೊಟ್ಟರೆ ಸಿಗುವ ವ್ಯತ್ಯಾಸ ಅಷ್ಟು ದೊಡ್ಡದು.

ನಾನು ಉಡುಪಿಯಲ್ಲಿ ಡಿಟಿಪಿ ಕೆಲಸ ಮಾಡುವವನು. ಮದುವೆ ಆಮಂತ್ರಣ, ಸಹಕಾರ ಸಂಘಗಳ ವಾರ್ಷಿಕ ವರದಿ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಇವೇ ನನ್ನ ದಿನದ ಕೆಲಸ. ಅಕ್ಕನ ಮಗಳು ಬಿಸಿಎ ಸೇರಿದಾಗ ಮನೆಯಲ್ಲಿರುವ ಕಂಪ್ಯೂಟರ್ ಸಾಕೇ, ಬೇರೆ ಬೇಕೇ ಎಂಬ ಪ್ರಶ್ನೆ ಬಂತು. ಭಾವ ಮಂಗಳೂರಿನ ಒಂದು ಅಂಗಡಿಯಿಂದ ₹9,800ಕ್ಕೆ ತಂದ ಯಂತ್ರ ಅದು: ಐ5-6500 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ನನ್ನ ಕೆಲಸದ ಕೋಣೆಯಲ್ಲಿ ₹17,500ಕ್ಕೆ ಕೊಂಡ ಇನ್ನೊಂದು ರಿಫರ್ಬಿಶ್ಡ್ ಇತ್ತು: ಐ5-8500, 16 ಜಿಬಿ, 512 ಜಿಬಿ, ಒಂದು ವರ್ಷದ ವಾರಂಟಿ. ಪಕ್ಕದ ಮನೆಯವರು ಇಂಟೆಲ್ ಎನ್100 ಪ್ರೊಸೆಸರ್‌ನ ಹೊಚ್ಚ ಹೊಸ ಮಿನಿ ಪಿಸಿಯನ್ನು ₹16,000ಕ್ಕೆ ತರಿಸಿದ್ದರು. ನಾಲ್ಕು ದಿನ ನೋಡಿ ಎಂದು ಪ್ರೀತಿಯಿಂದ ಕೊಟ್ಟರು. ಮಳೆಗಾಲದಲ್ಲಿ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಒಂದೇ ಕೆಲಸ ಕೊಟ್ಟು ನೋಡಿದೆ.

ಮೊದಲು ಬಾಗಿಲು ತೆಗೆದು ಒಳಗೆ ಇಣುಕಬೇಕು. ಕರಾವಳಿಯಲ್ಲಿ ಇದು ಬೆಂಗಳೂರಿಗಿಂತ ಹೆಚ್ಚು ಮುಖ್ಯ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಬೀಸುವ ಊರು ನಮ್ಮದು. ಅಗ್ಗದ ಯಂತ್ರದ ಪಕ್ಕದ ತಗಡನ್ನು ಬಿಚ್ಚಿದಾಗ ಸ್ಕ್ರೂಗಳ ತಲೆ ಕೆಂಪಗಾಗಿತ್ತು. ಫ್ಯಾನಿನ ರೆಕ್ಕೆಗಳ ಮೇಲೆ ಬೆರಳಿಗೆ ಅಂಟುವ ಕಪ್ಪು ಧೂಳು. ರ‍್ಯಾಮ್ ಹೊರತೆಗೆದರೆ ಚಿನ್ನದ ಬಣ್ಣದ ಸಂಪರ್ಕದ ಅಂಚು ಮಬ್ಬಾಗಿತ್ತು. ಅದನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಶ್‌ನಿಂದ ಕೊಡವಿ ಮತ್ತೆ ಕೂರಿಸಿದ ಮೇಲೆ, ಬೆಳಿಗ್ಗೆ ಬೀಪ್ ಬೀಪ್ ಎಂದು ಕೂಗಿ ಆನ್ ಆಗದೆ ನಿಲ್ಲುತ್ತಿದ್ದ ತೊಂದರೆ ಹೋಯಿತು. ಪ್ರೊಸೆಸರ್ ಮೇಲಿನ, ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು, ಅದನ್ನೂ ಬದಲಿಸಿದೆ. ಅಂದರೆ ಅಂಗಡಿಯಲ್ಲಿ ‘ರಿಫರ್ಬಿಶ್’ ಎಂದು ನಡೆದದ್ದು ಹೊರಗಿನ ತಗಡಿಗೆ ಪಾಲಿಶ್ ಮಾತ್ರ. ಹದಿನೇಳು ಸಾವಿರದ ಯಂತ್ರದ ಒಳಗೆ ಧೂಳು ತೆಗೆದಿದ್ದರು, ಪೇಸ್ಟ್ ಹೊಸದಿತ್ತು. ಬೆಲೆಯ ವ್ಯತ್ಯಾಸದಲ್ಲಿ ಒಂದು ಪಾಲು ಈ ಶ್ರಮಕ್ಕೆ ಸಲ್ಲುತ್ತದೆ.

ಎಸ್‌ಎಸ್‌ಡಿಯ ಕಥೆಯೂ ಹೀಗೆಯೇ. ‘ಹೊಸದು ಸರ್’ ಎಂದು ಭಾವನಿಗೆ ಹೇಳಿ ಕೊಟ್ಟಿದ್ದರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಅದು ಸಾವಿರಾರು ಗಂಟೆ ಓಡಿತ್ತು. ಇಡೀ ವರ್ಷ ಹಗಲೂ ರಾತ್ರಿ ಓಡಿದರೆ 8,760 ಗಂಟೆ. ಆ ಲೆಕ್ಕ ಇಟ್ಟುಕೊಂಡು ಓಡಿದ ಗಂಟೆಗಳನ್ನು ಅಂಗಡಿಯಲ್ಲೇ ತೆರೆದು ನೋಡಿ. ತೋರಿಸಲು ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.

ಈಗ ಪ್ರೊಸೆಸರ್ ವಿಷಯ. ಐ5, ಐ7 ಎಂಬ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಅದರ ಮುಂದಿನ ಅಂಕೆಗಳನ್ನು ಓದಬೇಕು. 6500 ಎಂದರೆ ಆರನೇ ಜನರೇಶನ್, 2015ರದ್ದು. 8500 ಎಂದರೆ ಎಂಟನೇ ಜನರೇಶನ್. ಐ7-2600 ಎಂದು ಹೆಮ್ಮೆಯಿಂದ ಮಾರುವ ಯಂತ್ರ 2011ರದ್ದು. ಅದಕ್ಕಿಂತ ಎಂಟನೇ ಜನರೇಶನ್‌ನ ಐ3 ಎಷ್ಟೋ ಮೇಲು. ಈ ಎಂಟು ಎಂಬ ಅಂಕೆಗೆ ವೇಗಕ್ಕಿಂತ ದೊಡ್ಡ ಕಾರಣವೊಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಂಟನೇ ಜನರೇಶನ್‌ನಿಂದ ಮೇಲೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದಲ್ಲಿ ಮಾತ್ರ.

‘ಮಾವ, ಅಂಗಡಿಯವರು ಇದರಲ್ಲಿ ವಿಂಡೋಸ್ 11 ಹಾಕಿಯೇ ಕೊಟ್ಟಿದ್ದಾರಲ್ಲ?’ ಎಂದು ಅಕ್ಕನ ಮಗಳು ಕೇಳಿದಳು. ಹಾಕಿದ್ದರು ನಿಜ. ತಪಾಸಣೆಯನ್ನು ತಪ್ಪಿಸಿ ಹಾಕುವ ದಾರಿಗಳಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಪ್ರತಿ, ಪರೀಕ್ಷೆಯ ಅರ್ಜಿ ಎಲ್ಲವನ್ನೂ ಇಡುವ ಮನೆಯ ಕಂಪ್ಯೂಟರಿಗೆ ಆ ಅನಿಶ್ಚಿತತೆ ಬೇಡ. ಇಷ್ಟು ಸಾಲದೆಂಬಂತೆ ಆ ವಿಂಡೋಸ್‌ಗೆ ಅಸಲಿ ಲೈಸೆನ್ಸ್ ಕೂಡ ಇರಲಿಲ್ಲ. ಕಂಪೆನಿಗಳ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಲೈಸೆನ್ಸಿನ ಕೀ ಮದರ್‌ಬೋರ್ಡಿನೊಳಗೇ ಇರುತ್ತದೆ. ನನ್ನದರಲ್ಲಿ ಇತ್ತು, ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ತಾನಾಗಿಯೇ ಆ್ಯಕ್ಟಿವೇಟ್ ಆಯಿತು.

ವೇಗದಲ್ಲಿ ನಾನು ನಿರೀಕ್ಷಿಸದೇ ಇದ್ದದ್ದು ಒಂದು ಕಂಡಿತು: ಹಳೆಯ ಐ5-6500 ಮತ್ತು ಹೊಸ ಎನ್100 ಹೆಚ್ಚುಕಡಿಮೆ ಸಮಬಲದವು. ಫೋಟೋಗಳಿಂದ ತುಂಬಿದ ಸ್ಮರಣ ಸಂಚಿಕೆಯೊಂದನ್ನು ಪಿಡಿಎಫ್ ಮಾಡಲು ಎರಡೂ ನಾಲ್ಕು ನಿಮಿಷದ ಆಸುಪಾಸು ತೆಗೆದುಕೊಂಡವು. ಐ5-8500ರಲ್ಲಿ ಎರಡೂವರೆ ನಿಮಿಷಕ್ಕೆ ಮುಗಿಯಿತು. ಅದರಲ್ಲಿ ನಾಲ್ಕರ ಬದಲು ಆರು ಕೋರ್‌ಗಳಿವೆ. ಆದರೆ ದಿನವಿಡೀ ಕೂತು ಕೆಲಸ ಮಾಡುವವನಿಗೆ ನಿಜವಾಗಿ ಗೊತ್ತಾಗುವುದು ರ‍್ಯಾಮ್. 8 ಜಿಬಿಯಲ್ಲಿ ಪುಟವಿನ್ಯಾಸ, ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ), ಬ್ರೌಸರ್ ಮೂರನ್ನೂ ತೆರೆದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗಳನ್ನು ಇಳಿಸಿಕೊಳ್ಳುತ್ತಿದ್ದರೆ ಕರ್ಸರ್ ತಡವರಿಸುತ್ತದೆ. 16 ಜಿಬಿಯಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ಬಿಸಿಎ ವಿದ್ಯಾರ್ಥಿಗೂ ಇದೇ ಮಾತು. ಜಾವಾ, ಪೈಥಾನ್‌ಗೆ 8 ಜಿಬಿ ಸಾಕು. ಮೊಬೈಲ್ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೋ, ಫೋನನ್ನು ಅನುಕರಿಸುವ ಎಮ್ಯುಲೇಟರ್ ಜೊತೆ ನಡೆಯಲು 16 ಬೇಕು. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರಿರುವುದರಿಂದ ಆಮೇಲೆ ಹಾಕಿಸಿಕೊಳ್ಳೋಣ ಎಂಬ ಲೆಕ್ಕ ಈಗ ನಷ್ಟದ್ದು. ಒಳಗೇ 16 ಇರುವ ಯಂತ್ರವನ್ನು ಹುಡುಕಿ.

ಮಿನಿ ಪಿಸಿಯನ್ನು ನಾನು ತಳ್ಳಿಹಾಕುವುದಿಲ್ಲ. ಅಂಗೈಯಗಲದ ಪೆಟ್ಟಿಗೆ, ಸದ್ದೇ ಇಲ್ಲ, ವಿಂಡೋಸ್ 11 ಅಧಿಕೃತ, ಯೂಟ್ಯೂಬ್‌ನ ಹೊಸ ಎವಿ1 ಮಾದರಿಯ ವಿಡಿಯೋವನ್ನೂ ಪ್ರೊಸೆಸರಿಗೆ ಭಾರ ಹಾಕದೆ ತೋರಿಸುತ್ತದೆ. ಆನ್‌ಲೈನ್ ಪಾಠ, ಭಜನಾ ಮಂದಿರದ ಲೆಕ್ಕ, ವಿದೇಶದಲ್ಲಿರುವ ಮಕ್ಕಳೊಂದಿಗೆ ವಿಡಿಯೋ ಕರೆ, ಇಷ್ಟೇ ಕೆಲಸವಿರುವ ಮನೆಗೆ ಅದನ್ನೇ ಹೇಳುತ್ತೇನೆ. ಕರೆಂಟು ಉಳಿಯುತ್ತದೆ ಎಂದು ಮಾತ್ರ ಕೊಳ್ಳಬೇಡಿ. 20 ವಾಟ್ ವ್ಯತ್ಯಾಸವೆಂದು ಹಿಡಿದರೂ ದಿನಕ್ಕೆ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ ಐದು ಯೂನಿಟ್. ಯೂನಿಟ್‌ಗೆ ಆರು ರೂಪಾಯಿಯಂತೆ ಮೂವತ್ತು ರೂಪಾಯಿ ಅಷ್ಟೇ.

ರಿಪೇರಿಯಲ್ಲಿ ಅಗ್ಗದ ಯಂತ್ರ ಗೆಲ್ಲುತ್ತದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅದು ಅಸೆಂಬಲ್ ಮಾಡಿದ ದೊಡ್ಡ ಕ್ಯಾಬಿನೆಟ್. ಎಸ್‌ಎಂಪಿಎಸ್ (ಒಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸುಟ್ಟರೆ ಯಾವ ಅಂಗಡಿಯಲ್ಲೂ ಅದರ ಅಳತೆಯದ್ದು ಸಿಗುತ್ತದೆ, ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಡೆಲ್, ಎಚ್‌ಪಿ, ಲೆನೊವೊಗಳ ಸಣ್ಣ ಆಫೀಸ್ ಮಾದರಿಗಳಲ್ಲಿ ಎಸ್‌ಎಂಪಿಎಸ್‌ನ ಆಕಾರವೂ ಪಿನ್ನುಗಳೂ ಬಹುಪಾಲು ಆಯಾ ಕಂಪೆನಿಯವೇ ಆಗಿರುತ್ತವೆ. ಅದಕ್ಕೇ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳನ್ನು ನೆನೆದು ನನ್ನದಕ್ಕೆ 600 ವಿಎ ಯುಪಿಎಸ್ ಹಾಕಿದ್ದೇನೆ, ಮೋಡ ಕಟ್ಟಿದೊಡನೆ ಪ್ಲಗ್ ಕೀಳುತ್ತೇನೆ, ಇಂಟರ್ನೆಟ್ಟಿನ ತಂತಿಯನ್ನೂ ಬಿಡಿಸುತ್ತೇನೆ. ಮಳೆಗಾಲದಲ್ಲಿ ಕೆಲಸವಿಲ್ಲದ ದಿನವೂ ಸ್ವಲ್ಪ ಹೊತ್ತು ಆನ್ ಮಾಡಿಡುವುದು ಒಳಿತು. ಒಳಗಿನ ಬಿಸಿಗೆ ತೇವ ಆರುತ್ತದೆ.

ಅಂಗಡಿಯವರು ‘ಫುಲ್ ಸೆಟ್’ ಎಂದು ಜೊತೆಗೆ ಕೊಡುವ ಹಳೆಯ ಮಾನಿಟರ್ ಬೇಡವೇ ಬೇಡ. 1366×768ರ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ‘ವಿಷ್ಣು’ವಿನ ಣ ಒತ್ತೂ ‘ಪ್ರಶ್ನೆ’ಯ ನ ಒತ್ತೂ ಸಣ್ಣ ಅಕ್ಷರದಲ್ಲಿ ಬೇರೆಯಾಗಿ ಕಾಣುವುದಿಲ್ಲ. ಕರಡು ತಿದ್ದುವವರಿಗೆ ಇದು ಕಣ್ಣಿನ ಶಿಕ್ಷೆ. ಹೊಸ 22 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಮಾನಿಟರನ್ನೇ ಕೊಳ್ಳಿ, ಮುಂದೆ ಕಂಪ್ಯೂಟರ್ ಬದಲಾದರೂ ಅದು ಉಳಿಯುತ್ತದೆ. ಹಲವು ಆಫೀಸ್ ಮಾದರಿಗಳಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಮಾತ್ರ. ಅದರ ಕೇಬಲ್ ಬೇಕೇ ಎಂದು ಮೊದಲೇ ವಿಚಾರಿಸಿ. ವೈಫೈ ಇಲ್ಲದಿದ್ದರೆ ಒಂದು ಸಣ್ಣ ಡಾಂಗಲ್ ಬೇಕಾಗುತ್ತದೆ. ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಗೆ) ಹಳೆಯ ಕಂಪೆನಿಯ ಪಾಸ್‌ವರ್ಡ್ ಉಳಿದಿಲ್ಲ ಎಂಬುದನ್ನು ಅಂಗಡಿಯಲ್ಲೇ ತೆರೆಸಿ ನೋಡಿ. ಆನ್ ಮಾಡಿದೊಡನೆ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಒತ್ತಬೇಕು. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸಿಕೊಳ್ಳದಿದ್ದರೆ ವಾರಂಟಿ ಕೇಳಲು ಹೋದಾಗ ಕೈಯಲ್ಲಿ ಆಧಾರವೇ ಇರುವುದಿಲ್ಲ.

ಅಕ್ಕನ ಮಗಳಿಗೆ ನನ್ನದೇ ಮಾದರಿಯ ಎಂಟನೇ ಜನರೇಶನ್ ಯಂತ್ರವನ್ನು ಕೊಡಿಸಿದೆವು. ಮಾನಿಟರ್, ಯುಪಿಎಸ್ ಸೇರಿ ₹27,500 ಆಯಿತು. ಭಾವನ ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದ್ದೇನೆ. ಅಪ್‌ಡೇಟ್‌ಗಳು ಸರಿಯಾಗಿ ಬರುತ್ತಿವೆ, ಅಕ್ಕ ಅದರಲ್ಲಿ ಸ್ವಸಹಾಯ ಸಂಘದ ಲೆಕ್ಕವನ್ನು ಲಿಬ್ರೆಆಫೀಸ್‌ನಲ್ಲಿ ಬರೆಯುತ್ತಾಳೆ, ಕನ್ನಡ ಟೈಪಿಂಗಿಗೂ ಅಡ್ಡಿಯಿಲ್ಲ. ವಿಂಡೋಸ್ ಬೇಡ ಎನ್ನುವವರಿಗೆ ಹತ್ತು ಸಾವಿರದ ಯಂತ್ರವೂ ನಡೆಯುತ್ತದೆ, ಒಳಗೆ ತುಕ್ಕು ಹಿಡಿದಿರಬಾರದು ಅಷ್ಟೇ. ಕಾಲೇಜಿಗೆ ಹೊತ್ತೊಯ್ಯಲೇಬೇಕಾದ ಮಕ್ಕಳಿಗೆ ಈ ಮೂರೂ ಅಲ್ಲ, ಲ್ಯಾಪ್‌ಟಾಪೇ ಬೇಕು.