ಕೋಳಿಮನೆಗೆ ಬಣ್ಣ ಹೊಡೆಸುವ ಮುಂಚೆ ಡಬ್ಬ ತೋರಿಸಲು ಹೇಳಿ

ಕೋಳಿಮನೆಯ ಒಳಗೋಡೆಗೆ "ಹುಳದ ಔಷಧಿ ಬೆರೆಸಿದ ಬಣ್ಣ" ಹೊಡೆದುಕೊಡುತ್ತೇವೆ ಅಂತ ಯಾರಾದರೂ ಬಂದರೆ ದಯವಿಟ್ಟು ಒಪ್ಪಬೇಡಿ. "ಸಂಜೆಗೇ ಕೋಳಿ ಒಳಗೆ ಬಿಡಬಹುದು" ಅಂತಲೂ ಸೇರಿಸಿದರೆ, ಕೊಟ್ಟ ಮುಂಗಡ ಹೋದರೂ ಹೋಗಲಿ, ಕೆಲಸ ಅಲ್ಲಿಗೇ ನಿಲ್ಲಿಸಿ. ತಿಪಟೂರು ಕಡೆಯ ನಮ್ಮ ತೋಟದಲ್ಲಿ ಈ ಬೇಸಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಬಣ್ಣದವನ ಹೆಸರು ಹಾಕುವುದಿಲ್ಲ. ಈ ವ್ಯಾಪಾರ ಅವನೊಬ್ಬನದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ನಮ್ಮದು ದೊಡ್ಡ ಫಾರಂ ಏನಲ್ಲ. ಇಟ್ಟಿಗೆ ಗೋಡೆ, ತಗಡಿನ ಶೀಟು, ಕೂರಲು ಬಿದಿರಿನ ಗಳ, ನೆಲಕ್ಕೆ ತೆಂಗಿನ ನಾರಿನ ಪುಡಿ. ಮೂವತ್ತು ಚಿಲ್ಲರೆ ಕೋಳಿ, ಅರ್ಧ ನಾಟಿ, ಅರ್ಧ ಸ್ವರ್ಣಧಾರ ತಳಿ. ಚಳಿ ಕಳೆಯುತ್ತಿದ್ದ ಹಾಗೆ ಮೊಟ್ಟೆ ಇಳಿಯಿತು, ಜುಟ್ಟು ಬಿಳಿಚಿಕೊಂಡಿತು, ಸಂಜೆಯಾದರೆ ಒಳಗೆ ಹೋಗಲು ಕೋಳಿಗಳೇ ಒಲ್ಲೆ ಅನ್ನತೊಡಗಿದವು. ಹಗಲಲ್ಲಿ ಎಷ್ಟು ತಡಕಿದರೂ ಏನೂ ಕಾಣದು. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯ ಬಿರುಕಿನಿಂದ ಇಳಿದು ಬರುತ್ತಿದ್ದವು. ಕುಂಬಳದ ಬೀಜದ ಹಾಗೆ ಚಪ್ಪಟೆ, ಬೂದುಗಂದು ಬಣ್ಣ, ಸುಕ್ಕುಗಟ್ಟಿದ ಚರ್ಮ. ಕೋಳಿ ಉಣ್ಣೆ. ಪಶುವೈದ್ಯರ ಪುಸ್ತಕದಲ್ಲಿ ಅರ್ಗಾಸ್ ಪರ್ಸಿಕಸ್.

ದನದ ಉಣ್ಣೆಯಂತೆ ಇದು ಮೈಗೆ ಅಂಟಿಕೊಂಡು ಕೂರುವುದಿಲ್ಲ. ಬೆಳೆದ ಉಣ್ಣೆ ರಾತ್ರಿ ಬಂದು ರಕ್ತ ಹೀರಿ, ಬೆಳಗಾಗುವ ಮುಂಚೆ ಬಿರುಕಿಗೆ ವಾಪಸ್. ಮರಿಗಳು ಮಾತ್ರ ಕೆಲವು ದಿನ ರೆಕ್ಕೆಯ ಅಡಿಯಲ್ಲಿ ಕಚ್ಚಿಕೊಂಡಿರುತ್ತವೆ. ಹಾಗಾಗಿ ಕೋಳಿಯ ಮೈಗೆ ಪುಡಿ ಉಜ್ಜಿದರೆ ಹೇನಿಗೆ ಆದೀತು, ಉಣ್ಣೆಗೆ ಸಾಲದು. ಅದರ ಮನೆ ಗೋಡೆಯಲ್ಲಿದೆ, ಗಳದ ಸೀಳಿನಲ್ಲಿದೆ. ಕೋಳಿಯನ್ನೆಲ್ಲ ಬೇರೆಡೆ ಸಾಗಿಸಿ ಉಪವಾಸ ಕೆಡವೋಣವೆಂದರೆ ಅದೂ ಆಗದು: ರಕ್ತವಿಲ್ಲದೆ ವರ್ಷಗಟ್ಟಲೆ ಬದುಕುವ ಪ್ರಾಣಿ ಅದು. ಮೇಲಾಗಿ ಕಚ್ಚಿದಾಗ ಸ್ಪೈರೊಕೀಟ್ ಜ್ವರ ಅಂಟಿಸಬಲ್ಲದು. ಹಸಿರು ಬೇಧಿ, ತೂಕಡಿಕೆ, ಸಾವು.

ಬಣ್ಣದವನು ಬಂದದ್ದು ಆ ಹೊತ್ತಿಗೆ. ಪಕ್ಕದ ತೋಟದ ಗೇಟಿಗೆ ಬಣ್ಣ ಹೊಡೆಯುತ್ತಿದ್ದವನು ನಮ್ಮ ಗೋಡೆ ನೋಡಿ, "ಅಕ್ಕಾ, ಇದಕ್ಕೆಲ್ಲ ಸುಣ್ಣ ಹೊಡೀತಾರಾ? ಎನಾಮೆಲ್‌ಗೆ ನಮ್ದೇ ಔಷಧಿ ಬೆರೆಸಿ ಒಂದ್ ಕೋಟ್ ಎಳುದ್ರೆ ಐದ್ ವರ್ಷ ಉಣ್ಣೆ ಈ ಕಡೆ ತಲೆ ಹಾಕಲ್ಲ" ಅಂದ. ಏನು ಔಷಧಿ ಅಂತ ಕೇಳಿದೆ. "ಗಿಡಮೂಲಿಕೇದು ಅಕ್ಕಾ, ಬೇವು ಗೀವು ಎಲ್ಲಾ ಇರುತ್ತೆ." ವಾಸನೆ ತಲೆಗೆ ಹೊಡೆಯುತ್ತಿದೆಯಲ್ಲ ಅಂದದ್ದಕ್ಕೆ, "ಬಾಗ್ಲು ತೆಗ್ದಿಡಿ, ಗಾಳಿ ಆಡುತ್ತೆ, ಸಂಜೆಗೆ ಕೋಳಿ ಬಿಡಿ."

ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಐದಾರು ಕೋಳಿ ಸತ್ತು ಬಿದ್ದಿದ್ದವು. ಉಳಿದವುಗಳ ಕೊಕ್ಕಿನಲ್ಲಿ ಜೊಲ್ಲು, ರೆಕ್ಕೆ ಜೋತಿದೆ, ಕಾಲು ನಿಲ್ಲದು, ನೀರಿನಂಥ ಬೇಧಿ. ಪಶು ಆಸ್ಪತ್ರೆಯ ಡಾಕ್ಟರು ಬಂದವರು ಮೊದಲು ಕೋಳಿ ನೋಡಲಿಲ್ಲ, "ಬಣ್ಣಕ್ಕೆ ಏನು ಬೆರೆಸಿದ್ರಮ್ಮ?" ಅಂದರು. ನಮ್ಮ ಹುಡುಗ ಹುಡುಕಿಕೊಂಡು ಹೋಗಿ ಬೇಲಿ ಆಚೆ ಬಿಸಾಕಿದ್ದ ಖಾಲಿ ಬಾಟಲಿ ತಂದ. ಬೇವಿನ ಚಿತ್ರವೂ ಇಲ್ಲ, ಗಿಡಮೂಲಿಕೆಯೂ ಇಲ್ಲ. ಕ್ಲೋರೊಪೈರಿಫಾಸ್, ಗೆದ್ದಲಿಗೆ ಹೊಡೆಯುವುದು. ಅಟ್ರೊಪಿನ್ ಇಂಜೆಕ್ಷನ್ ಕೊಟ್ಟ ಮೇಲೆ ಕೆಲವು ಚೇತರಿಸಿಕೊಂಡವು. ಎಲ್ಲವೂ ಅಲ್ಲ. ಕಾವಿಗೆ ಕೂತಿದ್ದ ನಾಟಿ ಹೇಂಟೆ ಗೂಡು ಬಿಟ್ಟು ಏಳಲೇ ಇಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಹಕ್ಕಿಗಳ ಉಸಿರಾಟ ನಮ್ಮದರಂತಲ್ಲ. ಅವುಗಳ ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿವೆ, ಗಾಳಿ ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ಹರಿಯುತ್ತಲೇ ಇರುತ್ತದೆ. ನಮಗೆ ಬರೀ ತಲೆನೋವು ತರುವ ಥಿನ್ನರ್ ಆವಿ ಮುಚ್ಚಿದ ಗೂಡಿನಲ್ಲಿ ಅವಕ್ಕೆ ಪ್ರಾಣಾಂತಿಕ. ಕ್ಲೋರೊಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ವಿಷಗಳಿಗೆ ಅವು ಬಹಳ ಬೇಗ ಸೋಲುತ್ತವೆ. ತಗಡಿನ ಶೀಟಿನ ಕೆಳಗೆ ಬೇಸಿಗೆಯ ಕಾವು ಬೇರೆ, ಆವಿ ಏಳುವುದು ಇನ್ನೂ ಜೋರು.

ಕೀಟನಾಶಕದ ಡಬ್ಬ ಅಥವಾ ಬಾಟಲಿ ಕೈಗೆ ಸಿಕ್ಕರೆ ಅದರ ಮೇಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಮ್ಮ ಬೇಲಿಯಾಚೆ ಸಿಕ್ಕಿದ್ದು ಹಳದಿ. ಹಸಿರು ಇದ್ದ ಮಾತ್ರಕ್ಕೆ ಕೋಳಿಮನೆಗೆ ಆಗುತ್ತದೆ ಅಂತಲೂ ಅಲ್ಲ. ಯಾವ ಬೆಳೆಗೆ, ಯಾವ ಹುಳಕ್ಕೆ ಅಂತ ಅದರಲ್ಲೇ ಬರೆದಿರುತ್ತದೆ, ಕೋಳಿಯ ಹೆಸರಿಲ್ಲದಿದ್ದರೆ ಕೋಳಿಮನೆಗೆ ತರಬೇಡಿ. ಹಿರಿಯರು ಈಗಲೂ ಬಿ.ಎಚ್.ಸಿ. ಪುಡಿ, ಸೆವಿನ್ ಪುಡಿ ಅನ್ನುತ್ತಾರೆ. ಬಿ.ಎಚ್.ಸಿ. 1997ರಲ್ಲೇ ನಿಷೇಧವಾಯಿತು. ಸೆವಿನ್ ಅಂದರೆ ಕಾರ್ಬರಿಲ್, ಅದನ್ನೂ 2018ರಲ್ಲಿ ನಿಷೇಧಿಸಿದರು. ಯಾರ ಅಟ್ಟದಲ್ಲೋ ಉಳಿದದ್ದು ಕೊಟ್ಟರೆ ಬೇಡ ಅನ್ನಿ.

ಮೊಟ್ಟೆಯ ವಿಷಯ ಇದಕ್ಕಿಂತ ಮುಖ್ಯ, ಆದರೆ ಯಾರೂ ಮಾತಾಡುವುದಿಲ್ಲ. ಬದುಕುಳಿದ ಕೋಳಿಗಳು ಮತ್ತೆ ಮೊಟ್ಟೆ ಇಡತೊಡಗಿದಾಗ ನಮ್ಮತ್ತೆ, "ಕೋಳಿ ಚೆನ್ನಾಗಿದೆಯಲ್ಲ, ಮೊಟ್ಟೆಗೇನಾಗಿದೆ?" ಅಂದರು. ಒಂದು ಮೊಟ್ಟೆಯ ಹಳದಿ ಬಲಿಯಲು ಹೆಚ್ಚುಕಡಿಮೆ ಹತ್ತು ದಿನ ಬೇಕು. ಕೊಬ್ಬಿನಲ್ಲಿ ಕರಗುವ ವಿಷ ಇಂದು ಮೈ ಸೇರಿದರೆ ಮುಂದಿನ ಎಷ್ಟೋ ಮೊಟ್ಟೆಗಳ ಹಳದಿಗೆ ಇಳಿಯಬಹುದು. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಇಂಥದ್ದೇ ಆಗಿತ್ತು. ಕೋಳಿಮನೆಯ ಕೆಂಪು ನುಸಿಗೆ ಅಂತ ಹೊಡೆದ ಸಸ್ಯಮೂಲದ ದ್ರಾವಣದೊಳಗೆ ಫಿಪ್ರೊನಿಲ್ ಎಂಬ ಕೀಟನಾಶಕ ಸೇರಿಸಿದ್ದರು. ಲಕ್ಷಗಟ್ಟಲೆ ಮೊಟ್ಟೆಗಳನ್ನು ಹಲವು ದೇಶಗಳ ಅಂಗಡಿಗಳಿಂದ ವಾಪಸ್ ತರಿಸಿ ನಾಶ ಮಾಡಬೇಕಾಯಿತು. ಅದೇ ಫಿಪ್ರೊನಿಲ್ ನಮ್ಮಲ್ಲಿ ಭತ್ತದ ಗದ್ದೆಗೆ, ಗೆದ್ದಲಿಗೆ ಸಲೀಸಾಗಿ ಸಿಗುತ್ತದೆ. ನಮ್ಮ ಮೊಟ್ಟೆಗಳನ್ನು ಡಾಕ್ಟರು ಸರಿ ಅನ್ನುವ ತನಕ ಹೂತೆವು. ಅತ್ತೆ ವಾರವೆಲ್ಲ ಮುಖ ಸಿಂಡರಿಸಿಕೊಂಡಿದ್ದರು.

ಇಷ್ಟೆಲ್ಲ ಆಗಿಯೂ ಉಣ್ಣೆ ಹೋಗಲಿಲ್ಲ! ಬಿಸಿಲಿಗೆ ಎನಾಮೆಲ್ ಪದರ ಪದರವಾಗಿ ಎದ್ದಿತು, ಆ ಪದರದ ಹಿಂದೆ ಹೊಸ ಸಂದು, ಸಂದಿನೊಳಗೆ ಉಣ್ಣೆ. ಎದ್ದ ಚಕ್ಕೆಯನ್ನು ಕೋಳಿಗಳು ಕುಕ್ಕುತ್ತವೆ, ಇದು ಇನ್ನೊಂದು ಅಪಾಯ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಯಾವುದೋ ಕೆಲಸದಲ್ಲಿ ಮಿಕ್ಕಿದ ತುಕ್ಕು ಹಿಡಿದ ಡಬ್ಬದಲ್ಲಿ ಏನಿದೆ ಅಂತ ಯಾರು ಹೇಳಬೇಕು?

ಕೊನೆಗೆ ಕೆಲಸಕ್ಕೆ ಬಂದದ್ದು ಸುಣ್ಣವೇ, ಅದೂ ಕೊನೆಯ ಹಂತದಲ್ಲಿ. ಕೋಳಿಗಳನ್ನು ತೆಂಗಿನ ಮರದಡಿ ಬಲೆ ಕಟ್ಟಿ ಸಾಕಿದೆವು, ಮುಂಗುಸಿ ಬಾರದಂತೆ ಕಾಯಲು ನಾಯಿಯನ್ನು ಪಕ್ಕದಲ್ಲೇ ಕಟ್ಟಿ. ಒಳಗಿನ ನಾರಿನ ಪುಡಿ ಪೂರ್ತಿ ತೆಗೆದದ್ದಾಯಿತು. ಬಿದಿರಿನ ಗಳ ಸುಟ್ಟೆವು. ಟೊಳ್ಳು ತುದಿಯೊಳಗೆ ಎಷ್ಟಿದ್ದವು ಅಂತ ಕೇಳಬೇಡಿ. ಬಣ್ಣ ಕೆರೆದು, ಬಿರುಕುಗಳಿಗೆಲ್ಲ ಸಿಮೆಂಟ್ ಗಾರೆ ತುಂಬಿಸಿದೆವು. ತುಂಬಲಾಗದ ಸಂದುಗಳಿಗೆ ಮಾತ್ರ ಡಾಕ್ಟರು ಬರೆದುಕೊಟ್ಟ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ, ಅವರು ಹೇಳಿದ ಅಳತೆಯಲ್ಲೇ, ಖಾಲಿ ಮನೆಗೆ. ಉಣ್ಣೆಯ ಮೊಟ್ಟೆ ಇದಕ್ಕೆ ಜಗ್ಗುವುದಿಲ್ಲ, ಅವು ಒಡೆದು ಮರಿಯಾಗುವ ಹೊತ್ತಿಗೆ ಇನ್ನೊಂದು ಸುತ್ತು ಬೇಕೇ ಬೇಕು. ಹೊಸ ಗಳ ಗೋಡೆಗೆ ತಾಗದ ಹಾಗೆ ಕಾಲುಗಳ ಮೇಲೆ ನಿಲ್ಲಿಸಿದ್ದೇವೆ.

ಸುಣ್ಣದ ಕಲ್ಲನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ಅರಳಿಸಿ, ಸೋಸಿ ಹೊಡೆಯಿರಿ. ಅರಳುವಾಗ ಕುದಿಯುತ್ತದೆ, ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಹಸಿ ಸುಣ್ಣ ಕೋಳಿಯ ಕಾಲನ್ನೂ ಸುಡುತ್ತದೆ, ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡಿ. ಸುಣ್ಣ ಉಣ್ಣೆಯನ್ನು ಕೊಲ್ಲುತ್ತದೆ ಅಂತ ನಾನೇನೂ ಹೇಳುವುದಿಲ್ಲ. ಸಣ್ಣ ಸಂದು ಮುಚ್ಚುತ್ತದೆ, ಬಿಳಿ ಗೋಡೆಯ ಮೇಲೆ ರಾತ್ರಿ ಟಾರ್ಚಿಗೆ ಒಂದು ಉಣ್ಣೆ ಹರಿದರೂ ಕಾಣುತ್ತದೆ. ಅಷ್ಟು ಸಾಕು.

ಬಣ್ಣದವನಿಗೆ ಫೋನ್ ಮಾಡಿದರೆ ಮೊದಮೊದಲು "ನಿಮ್ ಕೋಳಿಗೆ ರೋಗ ಇತ್ತಕ್ಕಾ" ಅಂದ, ಈಗ ಎತ್ತುವುದೇ ಇಲ್ಲ. ಬಾಟಲಿಯ ಫೋಟೊ ಇಟ್ಟುಕೊಂಡಿದ್ದೇನೆ. ಕೆರೆದ ಚಕ್ಕೆಗಳನ್ನು ಮಾತ್ರ ತಿಪ್ಪೆಗೆ ಹಾಕಬೇಡಿ, ಆ ಗೊಬ್ಬರ ನಾಳೆ ತೆಂಗಿನ ಬುಡಕ್ಕೇ ಹೋಗುತ್ತದೆ, ಕೋಳಿಗಳು ಮೊದಲು ಕೆದಕುವುದೂ ತಿಪ್ಪೆಯನ್ನೇ. ನಮ್ಮದು ಚೀಲದಲ್ಲಿ ಕಟ್ಟಿ ಶೆಡ್ಡಿನಲ್ಲಿದೆ. ಎಲ್ಲಿಗೆ ಹಾಕಬೇಕು ಅಂತ ಪಂಚಾಯಿತಿಯಲ್ಲಿ ಕೇಳಿದರೆ ಕಸದ ಗಾಡಿಗೆ ಕೊಡಿ ಅಂದರು. ಗಾಡಿಯವನು ಚೀಲ ಮೂಸಿ ನೋಡಿ, ಇದು ನಮ್ಮ ಕಸ ಅಲ್ಲ ಅಂತ ಹೊರಟುಹೋದ.